ರತ್ನಗಂಬಳಿಯ ಬೆನ್ನು ಮತ್ತು ನನ್ನ ನೆಗೆಣ್ಣಿ

ಸಿಂದಗಿಯಿಂದ ಹೊರಟದ್ದು

ಟರ್ಕಿಗೆ ಹೋಗಿ ಬಂದವರು ಅಲ್ಲಿಯ ಮಸೀದಿಗಳ ಬಗ್ಗೆ ಬರೆಯುತ್ತಾರೆ, ಸಮುದ್ರದ ಬಗ್ಗೆ ಬರೆಯುತ್ತಾರೆ. ನಾನು ಬರೆಯಬೇಕಾಗಿರುವುದು ನನ್ನ ಹೊಟ್ಟೆಕಿಚ್ಚಿನ ಬಗ್ಗೆ. ನಮ್ಮ ನಿವೃತ್ತ ಶಿಕ್ಷಕಿಯರ ಬಳಗದವರು "ಅಕ್ಕೋರ, ನೀವು ಫಾರಿನ್ ಹೋಗಿದ್ದು ಬರದು ಕೊಡ್ರಿ" ಎಂದು ದುಂಬಾಲು ಬಿದ್ದಾಗ ಇದನ್ನು ಬರೆಯುವ ಮನಸ್ಸು ಇರಲಿಲ್ಲ. ಬರೆಯಲು ಕುಳಿತ ಮೇಲೆ ಬೇರೇನೂ ಪೆನ್ನಿಗೆ ಬರಲೊಲ್ಲದು.

ಇದು ಹತ್ತು ವರ್ಷದ ಹಿಂದಿನ ಮಾತು. ಸಿಂದಗಿಯ ಪೇಟೆಯಲ್ಲಿ ನಮ್ಮ ಮನೆಯವರದು ಬೀಜ ಮತ್ತು ಕ್ರಿಮಿನಾಶಕದ ಅಂಗಡಿ. ಔಷಧದ ಕಂಪನಿಯವರು ಆ ವರ್ಷ ಚೆನ್ನಾಗಿ ಮಾರಿದ ಡೀಲರುಗಳನ್ನು ಇಸ್ತಾಂಬುಲ್ಲಿಗೆ ಕರೆದೊಯ್ಯುತ್ತೇವೆಂದರು. ನಮ್ಮ ಅಂಗಡಿಗೆ ಎರಡು ಟಿಕೆಟ್ಟು. ನಮ್ಮವರು ನಾ ಹೋಗ್ತೀನಿ ಅಂದರು, ಮೈದುನ ನಾ ಹೋಗ್ತೀನಿ ಅಂದ. ಅಷ್ಟರಲ್ಲಿ ತೊಗರಿಗೆ ಹುಳ ಬಿತ್ತು, ಅಂಗಡಿಯ ಮುಂದೆ ರೈತರ ಪಾಳಿ ಹತ್ತಿತು. ನಮ್ಮ ಅತ್ತೆ ಪಡಸಾಲೆಯಲ್ಲಿ ಕುಳಿತು ತೀರ್ಪು ಕೊಟ್ಟರು.

"ಮಾರೂ ಹೊತ್ತಿನ್ಯಾಗ ಗಂಡಸ್ರು ಅಂಗಡಿ ಬಿಟ್ಟು ಹೊಕ್ಕಾರೇನು? ಇಬ್ರೂ ಬ್ಯಾಡ. ಸೊಸಿಗೋಳು ಹೋಗಿ ಬರ್ಲಿ."

ಅತ್ತೆಯ ಉದಾರತೆಗೆ ಒಂದು ಕಾರಣವಿತ್ತು. ಬಸವನ ಬಾಗೇವಾಡಿಯಲ್ಲಿರುವ ನಮ್ಮ ಬೀಗರ ಮನೆಯ ಗೋಡೆಯ ಮೇಲೆ ಒಂದು ರೇಷ್ಮೆ ರತ್ನಗಂಬಳಿ ಇದೆ. ಬೀಗಿತ್ತಿ ಅದನ್ನು ತೋರಿಸದೆ ಯಾರಿಗೂ ಚಹಾ ಕೊಟ್ಟವಳಲ್ಲ. ಅತ್ತೆಗೆ ಅದು ಕಣ್ಣಲ್ಲಿ ಬಿದ್ದ ಕಸವಾಗಿತ್ತು.

"ಅಸಲಿ ರೇಷ್ಮೀದ ತರ್ಬೇಕು. ನಕಲಿ ತಂದ್ರ ಬಾಗೇವಾಡ್ಯಾಕಿ ಸತ್ರೂ ನಗೂದು ಬಿಡೂದಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀ ಕಲತಾಕಿ. ನೀನ ಆರಸು. ಕಸ್ತೂರಿ ಸಾಮಾನ ಹೊತ್ಕೊಂಡ ಬರ್ತಾಳ" ಎಂದರು.

ಈ ಮಾತು ಕೇಳಿ ನನಗೆ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಲಿ?

ಕಸ್ತೂರಿ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಯಂಕಂಚಿಯವಳು, ಏಳನೆಯ ತರಗತಿಗೆ ಸಾಲೆ ಬಿಟ್ಟವಳು. ನಾನು ಬಿ.ಎ., ಬಿ.ಎಡ್., ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸಿದವಳು. ಲೆಕ್ಕ ಹಾಕಿದರೆ ಹೊಟ್ಟೆಕಿಚ್ಚು ಆಕೆಗೆ ಇರಬೇಕಿತ್ತು. ಆದರೆ ಆಕೆ ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರು ಪದರಾಗಿ ಹಾಸಿ, ಅಂಚಿನಿಂದ ಸುತ್ತಿ ಸುತ್ತಿ ನಡುವಿಗೆ ಬರುವಂತೆ ಹೊಲಿಗೆ ಹಾಕುತ್ತಾಳೆ. ನಾನು ಸಾಲೆಗೆ ಹೋದಾಗ ನನ್ನ ಮಕ್ಕಳು ಆಕೆಯ ತೊಡೆಯ ಮೇಲೆ ಬೆಳೆದವು. ನನ್ನ ಮಗಳು ಧಾರವಾಡಕ್ಕೆ ಓದಲು ಹೊರಟಾಗ ಪೆಟ್ಟಿಗೆಯಲ್ಲಿ ನನ್ನ ಫೋಟೋ ಇಟ್ಟುಕೊಳ್ಳಲಿಲ್ಲ, ಚಿಗವ್ವನ ಕೌದಿ ಇಟ್ಟುಕೊಂಡಳು. ಅವತ್ತು ನಾನು ಊಟ ಮಾಡಲಿಲ್ಲ, ಪಿತ್ತ ಆಗೈತಿ ಅಂತ ಸುಳ್ಳು ಹೇಳಿದೆ.

ಅದಕ್ಕೇ ಈ ಸಲ ಗೆಲ್ಲಲೇಬೇಕೆಂದು ತಯಾರಿ ಮಾಡಿದೆ. ವಿಜಾಪುರದ ಗ್ರಂಥಾಲಯದಿಂದ ದಪ್ಪನೆಯ ಇಂಗ್ಲಿಷ್ ಪುಸ್ತಕ ತರಿಸಿ ನೋಟ್ಸ್ ಬರೆದುಕೊಂಡೆ. ರತ್ನಗಂಬಳಿ ನೇಯುವಾಗ ತುರ್ಕರು ಗಂಟನ್ನು ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಎರಡು ಹಾಸುನೂಲಿಗೂ ಸುತ್ತಿ ನಡುವೆ ಎಳೆಯುತ್ತಾರೆ, ಇರಾಣಿಗಳು ಒಂದಕ್ಕೆ ಪೂರಾ ಸುತ್ತಿ ಇನ್ನೊಂದರ ಹಿಂದೆ ಹಾಯಿಸುತ್ತಾರೆ. ರೇಷ್ಮೆಯದಕ್ಕೆ ಇರಾಣದಲ್ಲಿ ಕೋಮ್ ಎಂಬ ಊರು ಹೆಸರುವಾಸಿ, ತುರ್ಕಿಯಲ್ಲಿ ಹೆರೆಕೆ ಎಂಬ ಊರು. ಬಸ್ಸಿನಲ್ಲಿ, ವಿಮಾನದಲ್ಲಿ ಪರೀಕ್ಷೆಗೆ ಕೂಡುವವಳಂತೆ ಬಾಯಿಪಾಠ ಮಾಡಿದೆ. ಕಸ್ತೂರಿ ಕಿಟಕಿಯಲ್ಲಿ ಮೋಡ ನೋಡುತ್ತ ಕುಳಿತಿದ್ದಳು.

ಇಸ್ತಾಂಬುಲ್, ಮೊದಲ ದಿನ

ಮೊದಲ ದಿನವೇ ಸೋತೆ. ಹೋಟೆಲಿನ ಕೋಣೆ ಗುಡಿಸಲು ಒಬ್ಬ ದಪ್ಪನೆಯ ಹೆಂಗಸು ಬಂದಳು. ನಾನು ಇಂಗ್ಲಿಷಿನಲ್ಲಿ ಹೆಸರು, ಊರು ಕೇಳಿದೆ. "ಯೆಸ್ ಮೇಡಮ್" ಎಂದಳು. ಮಕ್ಕಳೆಷ್ಟು ಎಂದೆ. ಅದಕ್ಕೂ "ಯೆಸ್ ಮೇಡಮ್". ಕಸ್ತೂರಿ ಏನೂ ಕೇಳಲಿಲ್ಲ. ಡಬ್ಬಿ ತೆಗೆದು ಒಂದು ಕಡಕ್ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ, "ತಗೋ ಯವ್ವಾ, ಹಸದಿರಬೇಕು" ಎಂದು ಕನ್ನಡದಲ್ಲೇ ಕೊಟ್ಟಳು. ಆ ಹೆಂಗಸು ಹಾಸಿಗೆಯ ತುದಿಗೆ ಕುಳಿತು ಪೂರ್ತಿ ತಿಂದಳು. ಮರುದಿನ ಕರವಸ್ತ್ರದಲ್ಲಿ ಕಟ್ಟಿಕೊಂಡು ಆಲಿವ್ ಕಾಯಿ, ಬಿಳಿ ಚೀಸು ತಂದು ಕಸ್ತೂರಿಯ ಕೈಗೆ ಕೊಟ್ಟಳು. ನನ್ನ ಕೈಗೆ ತೊಳೆದ ಟವೆಲ್ ಕೊಟ್ಟಳು.

ಮಸೀದಿಯಲ್ಲೂ ಇದೇ ಹಾಡು. ತಲೆ ಮುಚ್ಚಿಕೊಳ್ಳಬೇಕೆಂದು ನನ್ನನ್ನು ಬಾಗಿಲಲ್ಲಿ ತಡೆದರು, ಯಾರ‍್ಯಾರೋ ಹೊದ್ದು ಬಿಟ್ಟ ನೀಲಿ ಅರಿವೆ ಕೊಟ್ಟರು. ಕಸ್ತೂರಿ ಎಂದಿನಂತೆ ತಲೆಯ ಮೇಲೆ ಸೆರಗು ಹೊದ್ದಿದ್ದಳು. ಬಾಗಿಲು ಕಾಯುವವನು ಎದೆಯ ಮೇಲೆ ಕೈಯಿಟ್ಟು ಆಕೆಗೆ ದಾರಿ ಬಿಟ್ಟ. ನಮ್ಮ ಗುಂಪಿನಲ್ಲಿ ಮುದ್ದೇಬಿಹಾಳದ ಬೀಜದ ವ್ಯಾಪಾರಿ ದಸ್ತಗೀರಸಾಬರಿದ್ದರು. ಅವರು ನಕ್ಕು, "ಅಕ್ಕೋರ, ನಮ್ಮ ತಂಗೀಗೆ ಇಲ್ಲೇ ತವರಮನಿ ಐತೇನ್ರಿ?" ಎಂದರು. ನನಗೆ ನಗು ಬರಲಿಲ್ಲ.

ಗಾಲೀಚೆಯ ಅಂಗಡಿ

ಮೂರನೆಯ ದಿನ ನನ್ನ ದಿನ. ಗೈಡು ನಮ್ಮನ್ನು ರತ್ನಗಂಬಳಿ, ನಮ್ಮ ಕಡೆಯ ಮಾತಿನಲ್ಲಿ ಗಾಲೀಚೆ, ಮಾರುವ ಒಂದು ಅಂಗಡಿಗೆ ಕರೆದೊಯ್ದ. ಗೋಡೆಯ ಸುತ್ತ ಕಟ್ಟೆ, ಸೊಂಟ ಸಣ್ಣಗಿರುವ ಗಾಜಿನ ಲೋಟದಲ್ಲಿ ಸೇಬಿನ ಚಹಾ. ಕೋಣೆಯ ಮೂಲೆಯಲ್ಲಿ ನೆಟ್ಟಗೆ ನಿಂತ ಮಗ್ಗ, ಅದರ ಮುಂದೆ ಬೆನ್ನು ಮಾಡಿ ಕುಳಿತ ಒಬ್ಬ ಮುದುಕಿ. ಅಂಗಡಿಯವನು ನಡುವಯಸ್ಸಿನವನು, ಇಂಗ್ಲಿಷು ಚೆನ್ನಾಗಿ ಬಲ್ಲವನು.

ನಮ್ಮ ದಸ್ತಗೀರಸಾಬರು ಮೊದಲು ಮಾನ ಕಳೆದರು. ನಮ್ಮ ಕಡೆ ದನದ ಸಂತೆಯಲ್ಲಿ ದರ ಮಾತಾಡುವುದು ಬಾಯಿಂದಲ್ಲ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು. ಅವರು ಹೆಗಲ ಮೇಲಿನ ಟವೆಲ್ ತೆಗೆದು ಅಂಗಡಿಯವನ ಕೈಮೇಲೆ ಹೊದಿಸಿ ಒಳಗೆ ಕೈ ಹಾಕಿಯೇಬಿಟ್ಟರು. ಅವನಿಗೆ ಗಾಬರಿಯಾಗಿ ಗೈಡನ ಮುಖ ನೋಡಿದ. ನಾನು ಮುಂದೆ ಬಂದು, "ಇವರದು ದನದ ವ್ಯಾಪಾರದ ಪದ್ಧತಿ, ಕ್ಷಮಿಸಿ" ಎಂದು ಇಂಗ್ಲಿಷಿನಲ್ಲಿ ಹೇಳಿ, ಜೊತೆಗೇ, ಇದು ಎರಡು ನೂಲಿನ ಗಂಟೋ ಒಂದು ನೂಲಿನದೋ ಎಂದು ಕೇಳಿದೆ. ಅವನು ಹುಬ್ಬೇರಿಸಿದ. "ಮೇಡಮ್‌ಗೆ ಗೊತ್ತಿದೆ!" ಎಂದ. ನಾನು ಕಸ್ತೂರಿಯ ಕಡೆ ನೋಡಿದೆ. ಆಕೆ ಚಹಾ ಊದಿ ಊದಿ ಕುಡಿಯುತ್ತಿದ್ದಳು.

ಹುಡುಗರು ಒಂದರ ಮೇಲೊಂದು ಗಾಲೀಚೆ ಬಿಚ್ಚಿ ಎಸೆದರು. ಒಂದು ಹಸಿರು ಗಾಲೀಚೆ ಫಳಫಳ ಹೊಳೆಯಿತು. "ಇದು ಅಸಲಿ ರೇಷ್ಮೆ, ನೋಡಿದ ಕೂಡಲೇ ತಿಳಿಯುತ್ತದೆ" ಎಂದು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದೆ. ಅದರ ಪಕ್ಕದಲ್ಲಿ ಕೆಂಪು ಬಣ್ಣದ್ದು ಇನ್ನೊಂದಿತ್ತು, ಹೊಳಪು ಕಡಿಮೆ. ಅದನ್ನು ಪರೀಕ್ಷಿಸಿ ನನ್ನ ವಿದ್ಯೆ ತೋರಿಸೋಣವೆನಿಸಿತು. ಇಳಕಲ್ ಸೀರೆ ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಸೆರಗಿನ ತುದಿಯ ಕುಚ್ಚಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡುತ್ತೇವೆ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕಾಗದದ ವಾಸನೆ ಬಂದರೆ ಮೋಸ. ನಾನು ಕೆಂಪು ಗಾಲೀಚೆಯ ತುದಿಯ ಕುಚ್ಚನ್ನು ಹಿಡಿದು ಒಂದು ಎಳೆಯನ್ನು ಜೋರಾಗಿ ಎಳೆದೆ. ಪರ್ಸಿನಿಂದ ಕಡ್ಡಿಪೆಟ್ಟಿಗೆ ತೆಗೆದೆ.

ಅಂಗಡಿಯವನು ಕೂಗಿಕೊಂಡ ರೀತಿಗೆ ಚಹಾ ಚೆಲ್ಲಿತು.

ಪುಸ್ತಕದಲ್ಲಿ ಬರೆದಿತ್ತು, ನಾನು ಓದಿಯೂ ಇದ್ದೆ. ಕೈಯಿಂದ ನೇಯ್ದ ಗಾಲೀಚೆಯ ಕುಚ್ಚು ಆಮೇಲೆ ಹಚ್ಚಿದ್ದಲ್ಲ. ಮಗ್ಗಕ್ಕೆ ಕಟ್ಟಿದ ಹಾಸುನೂಲೇ ಹೊರಗೆ ಬಂದು ಕುಚ್ಚಾಗಿ ನಿಂತಿರುತ್ತದೆ. ಅದನ್ನು ಎಳೆದರೆ ಎಲುಬನ್ನೇ ಎಳೆದಂತೆ. ಯಂತ್ರದ್ದಾದರೆ ಕುಚ್ಚನ್ನು ಬೇರೆ ತಂದು ಹೊಲಿದಿರುತ್ತಾರೆ. ಆದರೆ ಕೈ ಪುಸ್ತಕದ ಮಾತು ಕೇಳಲಿಲ್ಲ, ಸೀರೆ ಅಂಗಡಿಯ ರೂಢಿಯನ್ನೇ ಮಾಡಿತು. ಅಂಗಡಿಯವನು ಗಾಲೀಚೆಯನ್ನು ಎಳೆಗೂಸಿನಂತೆ ಎತ್ತಿಕೊಂಡು ನೋಡಿ, ಏನೂ ಆಗಿಲ್ಲವೆಂದು ಉಸಿರು ಬಿಟ್ಟು, ನನ್ನಿಂದ ಒಂದು ಮಾರು ದೂರಕ್ಕೆ ಹಾಸಿದ. ನಮ್ಮ ಗುಂಪಿನವರು ಮುಸಿಮುಸಿ ನಗುತ್ತಿದ್ದರು. ನಾನು ಕಡ್ಡಿಪೆಟ್ಟಿಗೆಯನ್ನು ಪರ್ಸಿನೊಳಗೆ ತುರುಕಿದೆ.

ಆಗ ಕಸ್ತೂರಿ ಲೋಟ ಕೆಳಗಿಟ್ಟು ಎದ್ದಳು. ಯಾರನ್ನೂ ಕೇಳದೆ ಹಸಿರು ಗಾಲೀಚೆಯ ಮೂಲೆ ಹಿಡಿದು ಮಗುಚಿ ಹಾಕಿದಳು.

"ಏನ್ ಮಾಡ್ತೀ?" ಎಂದು ಗದರಿದೆ.

"ಬೆನ್ನು ನೋಡ್ತೇನ್ರಿ ಅಕ್ಕಾ. ಮಾರಿಗೆ ಯಾರರ ಪೌಡರ್ ಬಡೀತಾರ. ಕೌದಿ ನೋಡೂದಾದ್ರೂ ಬೆನ್ನು ನೋಡಬೇಕು." ಅಂಗೈಯನ್ನು ಹಸಿರಿನ ಮೇಲೆ ಇಟ್ಟು ತಿಕ್ಕಿದಳು, ಆಮೇಲೆ ಕೆಂಪಿನ ಮೇಲೆ ಇಟ್ಟು ತಿಕ್ಕಿದಳು. "ಹಸರಂದು ರೇಷ್ಮಿ ಅಲ್ರಿ. ಎಷ್ಟು ತಿಕ್ಕಿದ್ರೂ ತಣ್ಣಗ ಐತಿ. ಕೆಂಪಂದು ಕಾವು ತಗೋತೈತಿ ನೋಡ್ರಿ. ಈ ಕಡಿಂದ ನೋಡಿದ್ರ ಬೆಳ್ಳಗ, ಆ ಕಡಿಂದ ನೋಡಿದ್ರ ಕಪ್ಪ. ಆಕಳು ನೆಕ್ಕಿದ ಕರದ ಮೈ ಇದ್ದಂಗ ಐತಿ."

ಅಂಗಡಿಯವನಿಗೆ ಕನ್ನಡ ಬರುವುದಿಲ್ಲ, ಆದರೆ ಅವನ ಮುಖ ಬದಲಾಯಿತು. ಹಸಿರನ್ನು ಸುಮ್ಮನೆ ಸುತ್ತಿ ಬದಿಗಿಡಿಸಿದ. ಕಸ್ತೂರಿ ಕೆಂಪು ಗಾಲೀಚೆಯನ್ನು ಮಗುಚಿ ಮೊಣಕಾಲೂರಿ ಕುಳಿತಳು. ಅದರ ಬೆನ್ನಿನ ಮೇಲೂ ಹೂವು ಬಳ್ಳಿ ಮುಂಭಾಗದಷ್ಟೇ ಸ್ಪಷ್ಟವಾಗಿದ್ದವು. ಬೆರಳಿನಿಂದ ಸಾಲು ಸಾಲು ಮುಟ್ಟುತ್ತ ಬಂದು ನಡುವೆ ನಿಂತಳು.

"ಇಲ್ಲಿಂದ ಕೈ ಬ್ಯಾರೆ ಆಗೈತಿ. ಇಲ್ಲಿತನಕ ಒಬ್ಬಾಕಿ, ಮುಂದ ಇನ್ನೊಬ್ಬಾಕಿ. ಹಿಂದಿನಾಕಿ ಬಿಗದ ಎಳೀತಾಳ, ಈಕಿ ಸ್ವಲ್ಪ ಸಡಲ ಬಿಡ್ತಾಳ."

ನನಗೆ ಅವಕಾಶ ಸಿಕ್ಕಿತು. ಎಲ್ಲರೂ ನನ್ನನ್ನು ಬಿಟ್ಟು ಈಕೆಯನ್ನು ನೋಡಿ ನಗಲಿ ಎಂದು, "ಇದನ್ನು ಅರ್ಧ ಒಬ್ಬಳು, ಅರ್ಧ ಇನ್ನೊಬ್ಬಳು ನೇಯ್ದಿದ್ದಾರಂತೆ, ನಮ್ಮ ನೆಗೆಣ್ಣಿ ಹೇಳುತ್ತಿದ್ದಾಳೆ" ಎಂದು ಇಂಗ್ಲಿಷಿನಲ್ಲಿ ವ್ಯಂಗ್ಯವಾಗಿ ಹೇಳಿದೆ. ಅಂಗಡಿಯವನೂ ನಕ್ಕ. ಮಗ್ಗದ ಕಡೆ ತಿರುಗಿ ಮುದುಕಿಗೆ ತಮ್ಮ ಭಾಷೆಯಲ್ಲಿ ಅದನ್ನೇ ಕೂಗಿ ಹೇಳಿದ.

ಮುದುಕಿ ನಗಲಿಲ್ಲ. ಎದ್ದು ಬಂದಳು. ಕನ್ನಡಕ ಏರಿಸಿ ಕಸ್ತೂರಿಯ ಪಕ್ಕ ಕುಳಿತು, ಆ ಸಾಲಿನ ಮೇಲೆ ತನ್ನ ಬೆರಳಿಟ್ಟಳು. ಬಹಳ ಹೊತ್ತು ಅಲ್ಲೇ ಇಟ್ಟುಕೊಂಡಿದ್ದಳು. ಆಮೇಲೆ ಕಸ್ತೂರಿಯ ಬಲಗೈ ಹಿಡಿದು, ತೋರುಬೆರಳಿನ ತುದಿಯನ್ನು ತನ್ನ ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ನೋಡಿ, ಅಂಗಡಿಯವನಿಗೆ ನಾಲ್ಕಾರು ಮಾತು ಹೇಳಿದಳು. ಅವನ ನಗು ಇಂಗಿತು. ಅವನು ನನಗೆ ಇಂಗ್ಲಿಷಿನಲ್ಲಿ ಹೇಳಿದ ಮಾತು ಇದು, ಒಂದಕ್ಷರ ಹೆಚ್ಚು ಕಡಿಮೆ ಇಲ್ಲ:

"ಇದನ್ನು ಇವಳು ಶುರುಮಾಡಿದ್ದಳು. ಕಾಯಿಲೆ ಬಿದ್ದಾಗ ಇವಳ ತಂಗಿ ಕುಳಿತು ಮುಗಿಸಿದಳು. ತಂಗಿ ಈಗ ಇಲ್ಲ. ತನ್ನ ಕೈಯನ್ನೂ ತಂಗಿಯ ಕೈಯನ್ನೂ ಬೇರೆ ಮಾಡಿ ಹೇಳಿದವರು ಈವರೆಗೆ ಯಾರೂ ಇರಲಿಲ್ಲ ಅನ್ನುತ್ತಾಳೆ. ಸೂಜಿ ಹಿಡಿದು ಹಿಡಿದು ಈ ಬೆರಳು ಜಡ್ಡುಗಟ್ಟಿದೆ, ಇದು ಬಲ್ಲವಳ ಕೈ. ಬಾ, ನನ್ನ ಮಗ್ಗದಲ್ಲಿ ಒಂದು ಗಂಟು ಹಾಕು, ನಿನ್ನ ಕೈ ಅದರಲ್ಲಿ ಉಳಿಯಲಿ ಅನ್ನುತ್ತಾಳೆ."

ಕಸ್ತೂರಿ ಮುಖವೆತ್ತಿ ನನ್ನನ್ನು ನೋಡಿದಳು. "ಏನಂತಾಳ್ರಿ ಅಕ್ಕಾ?"

ಮಗಳ ಪೆಟ್ಟಿಗೆಯಲ್ಲಿದ್ದ ಕೌದಿ, ಹೋಟೆಲಿನ ಆಲಿವ್ ಕಾಯಿ, ಮಸೀದಿಯ ಬಾಗಿಲು, ಎಲ್ಲವೂ ಒಟ್ಟಿಗೇ ನೆನಪಾದವು.

"ನಿನ್ನ ಕೈ ಭಾಳ ಒರಟ ಅದಾವಂತ. ರೇಷ್ಮಿ ಎಳಿ ಸಿಕ್ಕೊಂಡು ಹರೀತಾವಂತ. ಮುಟ್ಟಬ್ಯಾಡ ಅಂತಾಳ" ಎಂದೆ.

ಕಸ್ತೂರಿ ಸರಕ್ಕನೆ ಕೈ ಬಿಡಿಸಿಕೊಂಡಳು. ಎದ್ದು ನಿಂತು ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿದಳು. ಮುದುಕಿ ಮಗ್ಗದ ಹತ್ತಿರ ಹೋಗಿ ಒಂದು ತುಂಡು ಕೆಂಪು ರೇಷ್ಮೆ ನೂಲು ಕತ್ತರಿಸಿ, ಕುಳಿತುಕೊಳ್ಳುವ ಹಲಗೆಯನ್ನು ತಟ್ಟಿ, ನೂಲನ್ನು ಈಕೆಯ ಕಡೆ ಚಾಚಿದಳು. ಕಸ್ತೂರಿ ತಲೆ ಅಲ್ಲಾಡಿಸಿ ಬಾಗಿಲ ಕಡೆ ಹೋದಳು. ಅಂಗಡಿಯವನು ಯಾಕೆಂದು ಕೇಳಿದ. "ಆಕೆಗೆ ಇಷ್ಟವಿಲ್ಲವಂತೆ" ಎಂದೆ. ಅವನು ಅದನ್ನು ಮುದುಕಿಗೆ ಹೇಳಿದ. ಆಕೆ ನೂಲು ಹಿಡಿದುಕೊಂಡು ಇನ್ನೂ ಒಂದಿಷ್ಟು ಹೊತ್ತು ನಿಂತಿದ್ದಳು.

ಮನೆಗೆ ಒಂದು ಚಿಕ್ಕ ಗಾಲೀಚೆ ಕೊಂಡೆವು. ಬಾಗಿಲಲ್ಲಿ ನಿಂತ ಕಸ್ತೂರಿ ದೂರದಿಂದಲೇ, "ಮಗುಚಿ ನೋಡ್ರಿ ಅಕ್ಕಾ, ನಿಮ್ಮ ಕೈ ಮೆತ್ತಗ ಅದಾವ" ಎಂದಳು. ನಾನು ಮಗುಚುತ್ತ ಹೋದೆ. ಐದನೆಯದಕ್ಕೆ ಆಕೆ ಹೂಂ ಅಂದಳು.

ಬಾಸ್ಫರಸ್ಸಿನ ದೋಣಿ

ಉಳಿದ ಎರಡು ದಿನ ಕಸ್ತೂರಿ ಏನನ್ನೂ ಮುಟ್ಟಲಿಲ್ಲ. ಪೇಟೆಯಲ್ಲಿ ಪಿಂಗಾಣಿಯ ಬಟ್ಟಲು, ಬಣ್ಣದ ದೀಪ, ಕೈಗೆ ತಾವಾಗಿಯೇ ಬರುವಂಥ ವಸ್ತುಗಳಿದ್ದವು. ಆಕೆಯ ಕೈ ಸೆರಗಿನಿಂದ ಹೊರಗೆ ಬರಲಿಲ್ಲ. ಎರಡು ಖಂಡಗಳ ನಡುವಿನ ನೀರಿನ ಮೇಲೆ ದೋಣಿಯಲ್ಲಿ ಹೋಗುವಾಗ ದಸ್ತಗೀರಸಾಬರು ಆಕೆಗೆ ಒಂದು ಬಿಳಿ ಬ್ರೆಡ್ಡಿನ ತುಂಡು ಕೊಟ್ಟು, "ಹಕ್ಕಿಗೆ ಹಾಕು ತಂಗೀ, ಕೈಯಾಗಿಂದ ತಗೋತಾವ" ಎಂದರು. "ನೀವ ಹಾಕ್ರಿ ಅಣ್ಣಾ, ನಾ ನೋಡ್ತೇನಿ" ಎಂದಳು.

ಅವತ್ತು ಸಂಜೆ ಹೋಟೆಲಿನಲ್ಲಿ ತಲೆಗೆಂದು ತಂದ ಕೊಬ್ಬರಿ ಎಣ್ಣೆಯನ್ನು ಕೈಗೆ ಹಚ್ಚಿ ತಿಕ್ಕುತ್ತ ಕುಳಿತಳು. ಬೆರಳಿನ ತುದಿಗಳನ್ನು ಒಂದೊಂದಾಗಿ ತಿಕ್ಕಿದಳು. ಆಮೇಲೆ ನನ್ನ ಮುಂದೆ ಕೈ ಚಾಚಿದಳು.

"ಈಗರ ಸ್ವಲ್ಪ ಮೆತ್ತಗ ಆಗ್ಯಾವೇನ್ ನೋಡ್ರಿ ಅಕ್ಕಾ."

ಅಲ್ಲೇ ಹೇಳಬೇಕಿತ್ತು. ಹೇಳಿದ್ದರೆ ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗಿಬರಲು ಸಮಯವಿತ್ತು, ಹತ್ತು ಹೆಜ್ಜೆಯ ದಾರಿ. ನಾನು "ಆಗ್ಯಾವ, ಆಗ್ಯಾವ" ಎಂದು ಗೋಡೆಯ ಕಡೆ ತಿರುಗಿ ಮಲಗಿದೆ. ಆಕೆ ಅಳುತ್ತಿದ್ದರೆ ನನಗೆ ಸುಲಭವಾಗುತ್ತಿತ್ತೇನೋ. ಆಕೆ ಮುದುಕಿಯನ್ನು ಬೈಯಲೂ ಇಲ್ಲ. "ಖರೇ ಐತಿ ಬಿಡ್ರಿ. ಅವ್ರ ಸಾಮಾನ, ಅವ್ರ ಜೀವ" ಎಂದಳು.

ಮತ್ತೆ ಸಿಂದಗಿ

ಗಾಲೀಚೆ ಪಡಸಾಲೆಯ ಗೋಡೆಗೆ ಏರಿತು. ಬಾಗೇವಾಡಿಯ ಬೀಗಿತ್ತಿ ಬಂದು, ಅದರ ಮೂಲೆ ಮಗುಚಿ ನೋಡಿ, ಬಾಯಿ ಮುಚ್ಚಿಕೊಂಡು ಚಹಾ ಕುಡಿದಳು. ಅತ್ತೆಗೆ ಸ್ವರ್ಗ ಮೂರೇ ಗೇಣು. ಬಂದವರಿಗೆಲ್ಲ, "ನಮ್ಮ ದೊಡ್ಡ ಸೊಸಿ ಆರಿಸಿ ತಂದಾಳ, ಅಕಿಗೆ ಇಂಥಾವೆಲ್ಲಾ ಗೊತ್ತಾಕ್ಕೈತಿ" ಎಂದು ಹೇಳುತ್ತಾರೆ. ಕಸ್ತೂರಿ ಹೌದ್ರಿ ಹೌದ್ರಿ ಎಂದು ತಲೆಯಾಡಿಸುತ್ತಾಳೆ. ವಾರಕ್ಕೊಮ್ಮೆ ಅದರ ಧೂಳು ಹೊಡೆಯುವವಳು ಆಕೆಯೇ. ಕೈಗೆ ಸೆರಗು ಸುತ್ತಿಕೊಂಡು ಹೊಡೆಯುತ್ತಾಳೆ. ಹತ್ತು ವರ್ಷಗಳಿಂದ ಬರಿಗೈಯಲ್ಲಿ ಅದನ್ನು ಮುಟ್ಟಿಲ್ಲ.

ಇಲ್ಲಿಯವರೆಗೆ ಬರೆದು ನಾಲ್ಕು ದಿನ ಮುಚ್ಚಿಟ್ಟೆ. ಅಚ್ಚಾಗಿ ಬಂದ ಮೇಲೆ ಬೇರೆಯವರ ಬಾಯಿಂದ ಕೇಳುವುದು ಬೇಡವೆಂದು ನಿನ್ನೆ ಮಧ್ಯಾಹ್ನ ಹಾಳೆಗಳನ್ನು ಹಿಡಿದು ಹಿತ್ತಲಿಗೆ ಹೋದೆ. ಕಸ್ತೂರಿ ನನ್ನ ಮೊಮ್ಮಗನಿಗೆ ಕೌದಿ ಹೊಲಿಯುತ್ತಿದ್ದಳು. "ಓದ್ರಿ ಅಕ್ಕಾ, ಕೇಳ್ತೇನಿ" ಎಂದಳು. ಅತ್ತೆಯ ಮಾತಿಗೆ ನಕ್ಕಳು. ದಸ್ತಗೀರಸಾಬರ ಟವೆಲ್ಲಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಂಗಡಿಯವನ ಮಾತು ಬಂದಾಗ ಸೂಜಿ ನಿಂತಿತು. ನಾನು ತಲೆ ಎತ್ತದೆ ಕೊನೆಯವರೆಗೆ ಓದಿದೆ.



"ಆ ಮುದುಕಿ ಅಂದಿದ್ದು ಇನ್ನೊಮ್ಮೆ ಓದ್ರಿ" ಎಂದಳು.

ಓದಿದೆ.

"ಹಂಗಲ್ಲ. ಕನ್ನಡದಾಗ ಬ್ಯಾಡ. ಅಂವ ಇಂಗ್ಲೀಷಿನ್ಯಾಗ ಹೆಂಗ ಅಂದಿದ್ನೋ ಹಂಗ ಅನ್ರಿ."

ಆಕೆಗೆ ಇಂಗ್ಲಿಷು ಬರುವುದಿಲ್ಲ. ಒಮ್ಮೆ ನನ್ನ ಕನ್ನಡ ನಂಬಿ ಮೋಸಹೋದವಳು ಯಾಕೆ ಹಾಗೆ ಕೇಳಿದಳೆಂದು ನನಗೆ ತಿಳಿಯಿತು. ಮೂವತ್ತು ವರ್ಷ ಕಲಿಸಿದ ಭಾಷೆಯಲ್ಲಿ ತಡವರಿಸುತ್ತ, ನೆನಪಿದ್ದಷ್ಟೂ ಹೇಳಿದೆ. ಆಕೆ ನನ್ನ ಬಾಯಿಯನ್ನೇ ನೋಡುತ್ತ ಕೇಳಿದಳು. ಆಮೇಲೆ ಸೂಜಿಗೆ ನೂಲು ಪೋಣಿಸಲು ಹೋದಳು, ಎರಡು ಸಲ ತಪ್ಪಿತು.

"ಮಗ್ಗದ ಮುಂದ ಕರದಿದ್ಲು, ನಾ ತಲಿ ಅಲ್ಲಾಡಿಸಿ ಬಂದೆ. ಸೊಕ್ಕಿನಾಕಿ ಅನ್ಕೊಂಡಿರಬೇಕು ನನ್ನ" ಎಂದಳು. ನೂಲು ಕೆಳಗಿಟ್ಟು ನನ್ನ ಕಡೆ ನೋಡಿದಳು. "ಒಂದ ಗಂಟು, ಅಕ್ಕಾ. ಎಷ್ಟೊತ್ತಿನ ಕೆಲಸ ಇತ್ತು? ಹಾಕಿ ಬರ್ತಿದ್ನಲ್ರಿ."